ಭಾಳ, ರಗಡ, ಅಗದೀ

ಭೀಮಾತೀರದ ಮೂರು ಮಾತುಗಳು ಇಂಗ್ಲಿಷ್ ವ್ಯಾಕರಣದ ಬಾಗಿಲನ್ನು ತೆರೆಯಬಲ್ಲವೇ?

ಇಂಡಿ ತಾಲೂಕಿನ ಅಗರಖೇಡ ಭೀಮಾನದಿಯ ದಂಡೆಯ ಮೇಲಿನ ಊರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆಂಬ ಹೆಸರನ್ನು ಹೊತ್ತು, ಮರಾಠಿ ನಾಡನ್ನು ಬಳಸಿಕೊಂಡು ಬರುವ ಈ ಹೊಳೆ ಇಲ್ಲಿ ಬಿಳಿಜೋಳ ಬೆಳೆಯುವ ಕನ್ನಡದ ಎರೆಮಣ್ಣಿನ ನಡುವೆ ಹರಿಯುತ್ತದೆ. ಹೊಳೆಯ ಜೊತೆಗೆ ನೀರಷ್ಟೇ ಅಲ್ಲ, ಮಾತೂ ಹರಿದು ಬಂದಿದೆ. ಊರ ಹೆಸರಿನ ಕೊನೆಗಿರುವ ‘ಖೇಡ’ವೇ ಅದಕ್ಕೆ ಸಾಕ್ಷಿ. ಸಂಸ್ಕೃತದ ‘ಖೇಟ’ದಿಂದ ಬಂದ ಈ ಶಬ್ದವನ್ನು ಮರಾಠಿ ಸೀಮೆಯ ಎಷ್ಟೋ ಹಳ್ಳಿಗಳು ತಮ್ಮ ಹೆಸರಿನಲ್ಲಿ ಇಂದಿಗೂ ಧರಿಸಿಕೊಂಡಿವೆ.

ಈ ದಂಡೆಯ ಊರುಗಳಲ್ಲಿ ಹೊಸಬನೊಬ್ಬನು ಗುಡಿಗೆ ದಾರಿ ಕೇಳಿದರೆ “ಅಗದೀ ಹೊಳಿ ದಂಡಿ ಮ್ಯಾಲ ನೋಡ್ರಿ” ಎಂಬ ಉತ್ತರ ಬರುವುದು. ಬೆಳೆ ಹೇಗಿದೆಯೆಂದರೆ “ಭಾಳ ಛಲೋ” ಎನ್ನುವರು. ಜಾತ್ರೆಗೆ ಜನ ಸೇರಿದ್ದರೇ ಎಂದು ಕೇಳಿದರೆ “ರಗಡ ಮಂದಿ” ಎನ್ನುವರು. ಭಾಳ, ರಗಡ, ಅಗದೀ. ಈ ಮೂರು ಮಾತುಗಳನ್ನು ಇಲ್ಲಿಯ ಕೂಸು ಅಂಗಳದಲ್ಲಿ ಆಡುತ್ತಲೇ ಕಲಿತುಬಿಡುತ್ತದೆ. ಯಾವುದನ್ನು ಎಲ್ಲಿ ಬಳಸಬೇಕೆಂದು ಅದಕ್ಕೆ ಯಾರೂ ಹೇಳಿಕೊಡುವುದಿಲ್ಲ. ಆದರೂ ಅದು ತಪ್ಪುವುದಿಲ್ಲ.

ಅದೇ ಕೂಸು ಶಾಲೆಗೆ ಹೋಗಿ, ಇಂಗ್ಲಿಷ್ ಪುಸ್ತಕವನ್ನು ಬಿಚ್ಚಿ, ಒಂದು ಸಂಗತಿಯ ಪ್ರಮಾಣವನ್ನು ಹೇಳಹೊರಟಾಗ ಮಾತ್ರ ಹೆಜ್ಜೆಹೆಜ್ಜೆಗೂ ಎಡವುತ್ತದೆ. ಹೀಗೇಕೆ?

ಮೂರು ಕೆಂಪು ಗೆರೆಗಳು

ಇಂಥ ಊರಿನ ಎಂಟನೆಯ ಇಯತ್ತೆಯ ಹುಡುಗನೊಬ್ಬನನ್ನು ವಾಚಕರು ತಮ್ಮ ಕಣ್ಣಮುಂದೆ ತಂದುಕೊಳ್ಳಲಿ. ನೆರೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರೆಯಲು ಗುರುಗಳು ಹೇಳಿದ್ದಾರೆ. ಭೀಮಾತೀರದವರಿಗೆ ಈ ವಿಷಯ ಹೊಸದಲ್ಲ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ, ಸೋಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ಬಿಟ್ಟ ನೀರು ಇಂಡಿ, ಸಿಂದಗಿ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿತ್ತು. ಹಿರಿಯರ ಬಾಯಲ್ಲಿ ಆ ಕಥೆಯನ್ನು ಅವನು ಎಷ್ಟೋ ಸಲ ಕೇಳಿದ್ದಾನೆ. ಹೇಳಲು ಅವನ ಬಳಿ ಸಂಗತಿಗೆ ಕೊರತೆಯಿಲ್ಲ.

“ದಿ ವಾಟರ್ ವೆರಿ ರೋಜ್” ಎಂದು ಅವನು ಬರೆಯುತ್ತಾನೆ. “ಇಟ್ ಕೇಮ್ ವೆರಿ ಟು ಅವರ್ ಡೋರ್. ವಿ ವೆರಿ ಫಿಯರ್ಡ್.” ನೀರು ಬಹಳ ಏರಿತು, ಅಗದೀ ನಮ್ಮ ಬಾಗಿಲತನಕ ಬಂತು, ನಾವು ಬಹಳ ಅಂಜಿದೆವು ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಬಹಳ ಎಂದರೆ ‘ವೆರಿ’ ಎಂದು ಶಬ್ದಾರ್ಥದ ಪಟ್ಟಿಯಲ್ಲಿ ಅವನು ಬಾಯಿಪಾಠ ಮಾಡಿದ್ದಾನೆ. ಪಟ್ಟಿ ಸುಳ್ಳು ಹೇಳಲಿಲ್ಲ. ಆದರೆ ಅರ್ಧ ಸತ್ಯವನ್ನು ಮಾತ್ರ ಹೇಳಿತು. ಮೂರು ವಾಕ್ಯಗಳ ಕೆಳಗೆ ಮೂರು ಕೆಂಪು ಗೆರೆಗಳು ಬೀಳುತ್ತವೆ. “ಹೀಗೆ ಬರೆಯಬಾರದು” ಎಂದು ಗುರುಗಳು ಹೇಳುತ್ತಾರೆ. ಏಕೆ ಬಾರದು ಎಂಬುದಕ್ಕೆ ತರಗತಿಯಲ್ಲಿ ಹೊತ್ತಿಲ್ಲ.

ಜಾಣನಾದ ಹುಡುಗನು ಮರುದಿನ ‘ವೆರಿ’ಗಳನ್ನೆಲ್ಲ ಕಿತ್ತುಹಾಕಿ ಬರೆದು ತರುತ್ತಾನೆ. ನೀರು ಏರಿತು. ಬಾಗಿಲಿಗೆ ಬಂತು. ನಾವು ಅಂಜಿದೆವು. ಈಗ ಒಂದೂ ತಪ್ಪಿಲ್ಲ. ಆದರೆ ಬರೆಹದಲ್ಲಿ ನೆರೆಯೂ ಉಳಿದಿಲ್ಲ! ಮನೆಯೊಳಗೆ ನುಗ್ಗಲಿದ್ದ ಹೊಳೆ ಕೊಡದ ನೀರಿನಷ್ಟು ಸಾಧುವಾಗಿ ಕುಳಿತಿದೆ. ತಪ್ಪನ್ನು ತಪ್ಪಿಸಿಕೊಳ್ಳುವ ಭರದಲ್ಲಿ ಹುಡುಗನು ‘ಎಷ್ಟು’ ಎಂಬುದನ್ನು ಹೇಳುವ ಶಕ್ತಿಯನ್ನೇ ಬಿಟ್ಟುಕೊಟ್ಟಿದ್ದಾನೆ.

ಇದು ಕೇವಲ ಅಂಕಗಳ ಮಾತಲ್ಲ. ಮನುಷ್ಯನಿಗೆ ಜೀವನದಲ್ಲಿ ‘ಏನು’ ಎಂಬುದಕ್ಕಿಂತ ‘ಎಷ್ಟು’ ಎಂಬುದನ್ನು ಹೇಳಬೇಕಾದ ಸಂದರ್ಭಗಳು ಕಡಿಮೆಯಲ್ಲ. ಪರಸ್ಥಳದ ದವಾಖಾನೆಯಲ್ಲಿ ವೈದ್ಯನು ನೋವು ಎಷ್ಟೆಂದು ಕೇಳುತ್ತಾನೆ. ನಷ್ಟ ಎಷ್ಟೆಂದು ಅರ್ಜಿ ನೋಡುವ ಅಧಿಕಾರಿ ಕೇಳುತ್ತಾನೆ. ಕೆಲಸದ ಸಂದರ್ಶನದಲ್ಲಿ ಯಾವ ವಿಷಯದಲ್ಲಿ ಎಷ್ಟು ಆಸಕ್ತಿ ಎಂದು ಕೇಳುತ್ತಾರೆ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಹತ್ತು ವರ್ಷ ಕಲಿತ ಭಾಷೆಯಲ್ಲಿ ತನ್ನ ನೋವಿನ ಅಳತೆಯನ್ನು ಹೇಳಲಾಗದಿದ್ದರೆ, ಆ ಹುಡುಗನು ಕೊನೆಗೆ ದೂರುವುದು ತನ್ನನ್ನೇ. ತನ್ನ ಹಳ್ಳಿಯ ಮಾತನ್ನೇ.

ದೂರಬೇಕಾದ ಕಾರಣವುಂಟೇ? ಈ ಪ್ರಶ್ನೆಗೆ ಉತ್ತರ ಸಿಕ್ಕಬೇಕಾದರೆ ‘ವೆರಿ’ ಎಂಬ ಶಬ್ದದ ಮನೆತನವನ್ನು ಕೊಂಚ ವಿಚಾರಿಸಬೇಕು.

‘ವೆರಿ’ಯ ಮನೆತನ

‘ವೆರಿ’ ಮೂಲತಃ ಇಂಗ್ಲಿಷ್ ಶಬ್ದವೇ ಅಲ್ಲ. ಹಳೆಯ ಫ್ರೆಂಚಿನಿಂದ ಬಂದ ಇದರ ಮೂಲಾರ್ಥ ‘ನಿಜವಾದ’ ಎಂದು. ಅದರ ಹಿಂದಿರುವುದು ಸತ್ಯವೆಂಬ ಅರ್ಥದ ಲ್ಯಾಟಿನ್ ಶಬ್ದ. ನ್ಯಾಯಾಲಯದ ತೀರ್ಪಿಗೆ ಹೇಳುವ ‘ವರ್ಡಿಕ್ಟ್’, ಕಾಗದಪತ್ರಗಳನ್ನು ತಾಳೆನೋಡುವ ‘ವೆರಿಫೈ’ ಇವೆರಡೂ ಅದೇ ಬಳಗದವು. ಸತ್ಯವನ್ನು ಹೇಳುವ ಶಬ್ದ ಕಾಲಕ್ರಮದಲ್ಲಿ ಪ್ರಮಾಣವನ್ನು ಹೇಳತೊಡಗಿತು.

ಇದರಲ್ಲಿ ಬೆರಗಾಗಬೇಕಾದುದೇನೂ ಇಲ್ಲ. ಭೀಮಾತೀರದವರೂ “ಖರೇನ ಛಲೋ ಮನಿಷ್ಯಾ” ಎನ್ನುವಾಗ ಮಾಡುವುದು ಇದನ್ನೇ. ‘ಖರೇ’ ಎಂದರೆ ಸತ್ಯ. ಆದರೆ ಅಲ್ಲಿ ಯಾರೂ ಸತ್ಯಾಸತ್ಯದ ವಿಚಾರಣೆಗೆ ಕುಳಿತಿಲ್ಲ. ಒಳ್ಳೆಯತನದ ಪ್ರಮಾಣವನ್ನು ಒತ್ತಿ ಹೇಳುತ್ತಿದ್ದಾರೆ. ಸಾವಿರಾರು ಮೈಲುಗಳ ಅಂತರದ ಎರಡು ಭಾಷೆಗಳು ಒಂದೇ ದಾರಿಯಲ್ಲಿ ನಡೆದಿವೆ.

ಆದರೆ ‘ವೆರಿ’ಗೆ ಒಂದು ಕಟ್ಟುಪಾಡಿದೆ. ಅದು ಗುಣವಾಚಕಗಳ ಜೊತೆ ನಿಲ್ಲುತ್ತದೆ: ‘ವೆರಿ ಗುಡ್’, ‘ವೆರಿ ಬಿಗ್’. ಕ್ರಿಯಾವಿಶೇಷಣಗಳ ಜೊತೆಗೂ ನಿಲ್ಲುತ್ತದೆ: ‘ವೆರಿ ಸ್ಲೋಲಿ’. ಆದರೆ ಕ್ರಿಯಾಪದದ ಮನೆಗೆ ಅದು ಒಂಟಿಯಾಗಿ ಕಾಲಿಡುವುದಿಲ್ಲ. ಹೋಗಲೇಬೇಕಾದರೆ ‘ಮಚ್’ ಎಂಬ ಸಂಗಾತಿಯ ಕೈಹಿಡಿದುಕೊಂಡು ಹೋಗಬೇಕು. ‘ಐ ವೆರಿ ಲೈಕ್ ಇಟ್’ ಎಂದರೆ ತಪ್ಪು. ‘ಐ ಲೈಕ್ ಇಟ್ ವೆರಿ ಮಚ್’ ಎಂದರೆ ಸರಿ.

ಇಲ್ಲಿ ಇನ್ನೊಂದು ತೊಡಕೂ ಇದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಪ್ರಮಾಣದ ಮಾತು ಅದರ ಬೆನ್ನಿಗಂಟಿಕೊಂಡು ಮೊದಲು ಬರುತ್ತದೆ. “ಅವನು ಮಾವಿನಹಣ್ಣನ್ನು ಬಹಳ ಇಷ್ಟಪಡುತ್ತಾನೆ.” ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ಇರುವ ನಂಟು ಬಲು ಬಿಗಿಯಾದುದು. ಅವೆರಡರ ನಡುವೆ ‘ವೆರಿ ಮಚ್’ ತೂರಿಕೊಳ್ಳಲಾಗದು. ‘ಹಿ ಲೈಕ್ಸ್ ವೆರಿ ಮಚ್ ಮ್ಯಾಂಗೋಸ್’ ಎಂದು ಬರೆದವನು ಶಬ್ದಗಳನ್ನೆಲ್ಲ ಸರಿಯಾಗಿ ಆರಿಸಿಕೊಂಡೂ ಸೋಲುತ್ತಾನೆ. ‘ಹಿ ಲೈಕ್ಸ್ ಮ್ಯಾಂಗೋಸ್ ವೆರಿ ಮಚ್’ ಎಂದು ಹಣ್ಣನ್ನು ಮೊದಲು ಕೊಟ್ಟು, ಇಷ್ಟವೆಷ್ಟೆಂಬುದನ್ನು ಆಮೇಲೆ ಹೇಳಬೇಕು.

ಹಾಗಾದರೆ ಕನ್ನಡಕ್ಕೆ ಇಂಥ ಕಟ್ಟುಪಾಡುಗಳಿಲ್ಲವೇ? ಗ್ರಾಂಥಿಕ ಕನ್ನಡದ ‘ಬಹಳ’ವನ್ನು ಮಾತ್ರ ನೋಡಿದರೆ ಇಲ್ಲವೆಂದೇ ತೋರುವುದು. ಬಹಳ ಜನ, ಬಹಳ ಚೆಲುವು, ಬಹಳ ಬೇಗ, ಬಹಳ ನಕ್ಕನು. ನಾಮಪದ, ಗುಣ, ಕ್ರಿಯಾವಿಶೇಷಣ, ಕ್ರಿಯಾಪದ ಯಾವುದರ ಜೊತೆಗೂ ಅದು ಸಲೀಸಾಗಿ ಸೇರಿಕೊಳ್ಳುತ್ತದೆ. ಎಲ್ಲ ಮನೆಗೂ ನೆಂಟನಾದ ಈ ‘ಬಹಳ’ವನ್ನು ಕಟ್ಟುನಿಟ್ಟಿನ ‘ವೆರಿ’ಗೆ ಗಂಟುಹಾಕಿದುದೇ ಹುಡುಗನ ಕಷ್ಟಕ್ಕೆ ಮೂಲ. ಆದರೆ ‘ಬಹಳ’ದ ಹೊರಗೂ ಕನ್ನಡವಿದೆ.

ಮನೆಯಲ್ಲೇ ಇದ್ದ ಬೀಗದ ಕೈ

ಅಗರಖೇಡದ ಕಡೆಯ ಮಾತಿನಲ್ಲಿ ‘ಭಾಳ’ದ ಪಕ್ಕದಲ್ಲಿ ‘ರಗಡ’ ಎಂಬ ಇನ್ನೊಂದು ಶಬ್ದವಿದೆಯಷ್ಟೆ. ಮರಾಠಿಯೊಡನೆ ಹಂಚಿಕೊಂಡ ಮಾತಿದು. ಯಥೇಚ್ಛ, ಬೇಕಾದಷ್ಟು ಎಂದು ಇದರ ಅರ್ಥ. “ರಗಡ ಮಂದಿ ಬಂದಿದ್ರು” ಎನ್ನುವುದು ಸಹಜ. “ರಗಡ ನಕ್ಕ”, “ರಗಡ ಉಂಡ”, “ರಗಡ ದುಡದ” ಇವೂ ಸಹಜ. ಆದರೆ “ರಗಡ ಛಲೋ”, “ರಗಡ ಎತ್ತರ” ಎಂದು ಯಾರಾದರೂ ಹೇಳಿದರೆ ಕಟ್ಟೆಯ ಮೇಲಿನ ಮುದುಕರು ನಕ್ಕಾರು. ಆ ಸ್ಥಾನಕ್ಕೆ ‘ಭಾಳ’ವೋ ‘ಅಗದೀ’ಯೋ ಬರಬೇಕು: “ಅಗದೀ ಛಲೋ”, “ಭಾಳ ಎತ್ತರ.” ಅಂತೆಯೇ “ಅಗದೀ ನಕ್ಕ” ಎಂದೂ ಯಾರೂ ಅನ್ನುವುದಿಲ್ಲ.

ಅಂದರೆ, ಗುಣದ ಪ್ರಮಾಣ ಬೇರೆ, ಕ್ರಿಯೆಯ ಪ್ರಮಾಣ ಬೇರೆ ಎಂಬ ವಿವೇಕ ಈ ಊರುಗಳ ಮಾತಿನಲ್ಲಿ ಮೊದಲಿನಿಂದಲೂ ಇದೆ! ಇಂಗ್ಲಿಷಿನ ‘ವೆರಿ’ ಮತ್ತು ‘ಎ ಲಾಟ್’ ಇವುಗಳ ನಡುವಿನ ಗಡಿ ‘ಅಗದೀ’ ಮತ್ತು ‘ರಗಡ’ ಇವುಗಳ ನಡುವಿನ ಗಡಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ‘ಎ ಲಾಟ್’ ಕೂಡ ‘ರಗಡ’ದಂತೆಯೇ ಮಂದಿಯನ್ನೂ ಎಣಿಸುತ್ತದೆ, ನಗುವನ್ನೂ ಅಳೆಯುತ್ತದೆ, ಒಳ್ಳೆಯತನದ ತಂಟೆಗೆ ಮಾತ್ರ ಹೋಗುವುದಿಲ್ಲ.

ಆದುದರಿಂದ ಒಂದು ಸುಲಭವಾದ ಪರೀಕ್ಷೆ ತಾನಾಗಿ ಹೊರಡುತ್ತದೆ. ‘ಭಾಳ’ ಎಂಬಲ್ಲಿ ‘ರಗಡ’ವನ್ನು ಇಟ್ಟು ನಾಲಿಗೆಯ ಮೇಲೆ ಆಡಿಸಿ ನೋಡಬೇಕು. ‘ರಗಡ’ ಒಪ್ಪಿದರೆ ಇಂಗ್ಲಿಷಿನಲ್ಲಿ ಒಂಟಿ ‘ವೆರಿ’ ಸಾಮಾನ್ಯವಾಗಿ ಸಲ್ಲದು. ‘ಎ ಲಾಟ್’ ಅಥವಾ ‘ವೆರಿ ಮಚ್’ ಬೇಕು. ‘ರಗಡ’ ಒಪ್ಪದೆ ‘ಅಗದೀ’ ಒಪ್ಪಿದರೆ ‘ವೆರಿ’ ಬಂದೀತು. ನೀರು ‘ರಗಡ ಏರಿತು’ ಎನ್ನಬಹುದು. ಆದುದರಿಂದ ‘ದಿ ವಾಟರ್ ರೋಜ್ ಎ ಲಾಟ್’. ನೀರು ‘ಅಗದೀ ತಣ್ಣಗ’ ಎನ್ನಬಹುದು. ಆದುದರಿಂದ ‘ವೆರಿ ಕೋಲ್ಡ್’.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕನ್ನಡದಲ್ಲಿ ಕ್ರಿಯೆಯಾಗಿರುವುದು ಇಂಗ್ಲಿಷಿನಲ್ಲಿ ಗುಣವಾಗಿರಬಹುದು. ದಣಿದನು, ಹಸಿದನು, ಅಂಜಿದನು ಇವು ನಮಗೆ ಕ್ರಿಯಾಪದಗಳು. ಇಂಗ್ಲಿಷಿನವನು ಅವನ್ನು ‘ಟೈರ್ಡ್’, ‘ಹಂಗ್ರಿ’, ‘ಅಫ್ರೇಡ್’ ಎಂದು ಗುಣಗಳನ್ನಾಗಿ ಮಾಡಿ, ‘ಈಸ್’, ‘ವಾಸ್’ಗಳ ಮುಂದೆ ಕೂಡಿಸುತ್ತಾನೆ. ಹಾಗೆ ಕೂತಾಗ ಅವಕ್ಕೆ ‘ವೆರಿ’ಯೇ ಸಲ್ಲುತ್ತದೆ. ನಮ್ಮ ಹುಡುಗನು ‘ವಿ ವರ್ ವೆರಿ ಅಫ್ರೇಡ್’ ಎಂದು ಬರೆದಿದ್ದರೆ ಮೂರನೆಯ ಕೆಂಪು ಗೆರೆ ಬೀಳುತ್ತಿರಲಿಲ್ಲ. ಪರೀಕ್ಷೆಯನ್ನು ನಡೆಸುವ ಮೊದಲು ಇಂಗ್ಲಿಷಿನ ಶಬ್ದ ಯಾವ ಪಂಕ್ತಿಯದೆಂದು ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಮಜ್ಜಿಗೆ ಬಡಿಸುವವಳಿಗೆ “ಭಾಳ ಆತವ್ವಾ” ಎಂದರೆ ಹೆಚ್ಚಾಯಿತು, ಸಾಕು ಎಂದು ಅರ್ಥ. ನಮ್ಮ ‘ಭಾಳ’ ಹದವನ್ನು ತಲುಪಿದ್ದನ್ನೂ ಹೇಳುತ್ತದೆ, ಹದ ಮೀರಿದ್ದನ್ನೂ ಹೇಳುತ್ತದೆ. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸಿ, ಹದ ಮೀರಿದ್ದಕ್ಕೆ ‘ಟೂ’ ಎನ್ನುತ್ತದೆ. ಒಳ್ಳೆಯ ಹೊಲಕ್ಕೆ ಬೆಲೆ ‘ವೆರಿ ಹೈ’ ಎಂದವನು ಕೊಂಡುಕೊಂಡಾನು. ‘ಟೂ ಹೈ’ ಎಂದವನು ಎದ್ದು ಹೋದನೆಂದೇ ತಿಳಿಯಬೇಕು. ವ್ಯವಹಾರದಲ್ಲಿ ಈ ಒಂದಕ್ಷರದ ಬೆಲೆ ಸಣ್ಣದಲ್ಲ.

ದಂಡೆಯ ಮೇಲೆ, ದಂಡೆಯ ಆಚೆ

ಈಗ ಹುಡುಗನ ಎರಡನೆಯ ವಾಕ್ಯ. ನೀರು ಅಗದೀ ಬಾಗಿಲತನಕ ಬಂತು. ಇಲ್ಲಿ ಅಳೆಯುತ್ತಿರುವುದು ಗುಣವನ್ನಲ್ಲ, ಕ್ರಿಯೆಯನ್ನೂ ಅಲ್ಲ, ಒಂದು ಸ್ಥಾನವನ್ನು. ಕನ್ನಡದಲ್ಲಿ ಸ್ಥಾನವನ್ನು ಹೇಳುವ ಮಾತು ಶಬ್ದದ ಹಿಂದೆ ಬಂದು ಸೇರುತ್ತದೆ: ಬಾಗಿಲ-ತನಕ, ದಂಡೆಯ-ಮೇಲೆ, ಊರಿನ-ನಡುವೆ. ಇಂಗ್ಲಿಷಿನಲ್ಲಿ ‘ಟು’, ‘ಆನ್’, ‘ಇನ್’ ಎಂಬ ತುಣುಕುಗಳು ಶಬ್ದದ ಮುಂದೆ ನಿಲ್ಲುತ್ತವೆ. ಹಾಗೆ ಕಟ್ಟಿದ ಗಂಟಿಗೆ ‘ವೆರಿ’ಯನ್ನು ಕಟ್ಟಲಾಗದು. ಅದಕ್ಕೆ ಬೇಕಾದುದು ‘ರೈಟ್’. ‘ರೈಟ್ ಆನ್ ದಿ ಬ್ಯಾಂಕ್’ ಎಂದರೆ ಅಗದೀ ದಂಡಿ ಮ್ಯಾಲ. ‘ರೈಟ್ ಇನ್ ದಿ ಮಿಡ್ಲ್’ ಎಂದರೆ ಅಗದೀ ನಡುವ. ‘ರೈಟ್ ಅಪ್ ಟು ದಿ ಡೋರ್’ ಎಂದರೆ ಅಗದೀ ಬಾಗಲತನಕ.

‘ರೈಟ್’ ಎಂದರೆ ಸರಿ, ಬಲ, ಹಕ್ಕು ಎಂದಷ್ಟೇ ಕಲಿತ ಮಕ್ಕಳಿಗೆ ಈ ಬಳಕೆ ವಿಚಿತ್ರವೆನಿಸುವುದು. ನೇರವಾದುದು ಎಂಬುದು ಅದರ ಹಳೆಯ ಅರ್ಥ. ನೇರವಾಗಿ ಹೋಗಿ ತಾಗುವ ಬಿಂದುವನ್ನು ಅದು ತೋರಿಸುತ್ತದೆ. 2002ರಲ್ಲಿ ಹೊರಬಂದ ಕೇಂಬ್ರಿಜ್ ಇಂಗ್ಲಿಷ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರು ಇದನ್ನೇ ಒರೆಗಲ್ಲಾಗಿ ಬಳಸಿದ್ದಾರೆ. ‘ರೈಟ್’ ಅಥವಾ ‘ಸ್ಟ್ರೇಟ್’ ಯಾವುದರ ಜೊತೆ ಸೇರುವುದೋ ಅದು ‘ಇನ್’, ‘ಆನ್’ಗಳ ವರ್ಗಕ್ಕೆ ಸೇರಿದ್ದೆಂಬುದಕ್ಕೆ ಅದೊಂದು ಗುರುತು.

ಒಂದು ಕಾಲಕ್ಕೆ ‘ರೈಟ್’ ಶಬ್ದವು ‘ಅಗದೀ’ಯಂತೆಯೇ ಗುಣವಾಚಕಗಳ ಜೊತೆಗೂ ಧಾರಾಳವಾಗಿ ಸೇರುತ್ತಿತ್ತು. ಇಂಗ್ಲೆಂಡಿನ ಉತ್ತರ ಭಾಗದ ಹಳ್ಳಿಮಾತಿನಲ್ಲಿ, ಅಮೆರಿಕದ ದಕ್ಷಿಣ ಸೀಮೆಯಲ್ಲಿ ಅದು ಇಂದಿಗೂ ಹಾಗೆ ಸೇರುವುದುಂಟು. ಶಿಷ್ಟ ಇಂಗ್ಲಿಷಿನಲ್ಲಿ ಅದು ಉಳಿದಿರುವುದು ಬಿರುದುಗಳಲ್ಲಿ. 1921ರಲ್ಲಿ ಪ್ರಿವಿ ಕೌನ್ಸಿಲ್ಲಿನ ಸದಸ್ಯರಾದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳನ್ನು ‘ರೈಟ್ ಆನರಬಲ್’ ಎಂದು ಕರೆಯುತ್ತಿದ್ದರು. ತಮ್ಮ ನಿರ್ದುಷ್ಟವಾದ ಇಂಗ್ಲಿಷಿನಿಂದ ಆಂಗ್ಲರನ್ನೇ ಬೆರಗುಗೊಳಿಸಿದ ಆ ಮಹನೀಯರ ಬಿರುದಿನ ‘ರೈಟ್’ಗೂ ಭೀಮಾತೀರದ “ಅಗದೀ ಛಲೋ” ಎಂಬಲ್ಲಿಯ ‘ಅಗದೀ’ಗೂ ಕೆಲಸ ಒಂದೇ!

ಎಲ್ಲ ಸ್ಥಾನಗಳೂ ಬಿಂದುಗಳಲ್ಲ. ಕೆಲವು ದೂರಗಳು. “ನೀರು ದಂಡಿ ದಾಟಿ ಭಾಳ ಆಚಿಗೆ ಹೋತು” ಎನ್ನುವಾಗ ‘ಅಗದೀ’ ಬರಲಿಲ್ಲ, ‘ಭಾಳ’ ಬಂತು. ಅಲ್ಲಿ ಇಂಗ್ಲಿಷಿನವನೂ ‘ರೈಟ್’ ಬಿಟ್ಟು ‘ಫಾರ್ ಬಿಯಾಂಡ್’ ಎನ್ನುತ್ತಾನೆ, ಇಲ್ಲವೆ ‘ವೆಲ್ ಬಿಯಾಂಡ್’ ಎನ್ನುತ್ತಾನೆ. ಇನ್ನು ಕೆಲವು ಹೆಸರಿಗೆ ಸ್ಥಾನ, ನಿಜದಲ್ಲಿ ಸ್ಥಿತಿ. ‘ಇನ್ ಲವ್’, ‘ಇನ್ ಡೇಂಜರ್’ ಎಂಬಲ್ಲಿ ಯಾರೂ ಯಾವ ಕೋಣೆಯೊಳಗೂ ಕುಳಿತಿಲ್ಲ. ಅಂಥಲ್ಲಿ ‘ವೆರಿ ಮಚ್ ಇನ್ ಡೇಂಜರ್’ ಎನ್ನಬೇಕು. ಸಾಲದ ವಿಷಯದಲ್ಲಂತೂ ಎರಡು ಭಾಷೆಗಳೂ ನೀರಿಗೇ ಇಳಿದಿವೆ: ಇಂಗ್ಲಿಷಿನವನು ಸಾಲದಲ್ಲಿ ‘ಡೀಪ್’ ಆಗಿದ್ದರೆ, ನಮ್ಮವನು ಸಾಲದಲ್ಲಿ ಮುಳುಗಿದ್ದಾನೆ. ಬಿಂದುವಿಗೆ ‘ರೈಟ್’, ದೂರಕ್ಕೆ ‘ಫಾರ್’ ಮತ್ತು ‘ವೆಲ್’, ಸ್ಥಿತಿಗೆ ‘ವೆರಿ ಮಚ್’; ಇಷ್ಟನ್ನು ನೆನಪಿಟ್ಟರೆ ಮುಕ್ಕಾಲು ಪಾಲು ದಾರಿ ಸಾಗಿದಂತೆ.

‘ಅಗದೀ’ ಗೊತ್ತಿಲ್ಲದ ಮೈಸೂರು, ಮಂಗಳೂರು ಸೀಮೆಯ ವಾಚಕರು ನಿರಾಶರಾಗಬೇಕಾಗಿಲ್ಲ. ಬಿಂದುವನ್ನು ಒತ್ತಿ ಹೇಳಲು ಕನ್ನಡಕ್ಕೆ ಇನ್ನೊಂದು ಉಪಾಯವಿದೆ. ಅದು ಯಾರಿಂದಲೂ ಪಡೆದುದಲ್ಲ. ಶಬ್ದವನ್ನೇ ಇಮ್ಮಡಿಸುವುದು. ನಡುವಿನ ನಡು ನಟ್ಟನಡು. ತುದಿಯ ತುದಿ ತುತ್ತತುದಿ. ಕಡೆಯ ಕಡೆ ಕಟ್ಟಕಡೆ. ಮೊದಲಿನ ಮೊದಲು ಮೊಟ್ಟಮೊದಲು. ಬಯಲಿನ ಬಯಲು ಬಟ್ಟಬಯಲು. ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ದ್ವಿರುಕ್ತಿಯೆಂದು ಹೆಸರು. ಪರೀಕ್ಷೆಗಾಗಿ ಪಟ್ಟಿಮಾಡಿ ಕಲಿಯುವ ಈ ರೂಪಗಳನ್ನು ಇಂಗ್ಲಿಷ್ ತರಗತಿಯಲ್ಲಿ ಯಾರೂ ನೆನೆಯುವುದಿಲ್ಲ. ನಟ್ಟನಡುವೆ ಎಂಬುದರ ಪಕ್ಕದಲ್ಲಿ ‘ರೈಟ್ ಇನ್ ದಿ ಮಿಡ್ಲ್’ ಎಂದು, ಕಟ್ಟಕಡೆಗೆ ಎಂಬುದರ ಪಕ್ಕದಲ್ಲಿ ‘ಅಟ್ ದಿ ವೆರಿ ಎಂಡ್’ ಎಂದು ಬರೆದರೆ ಸಾಕು, ವಿವರಣೆ ಬೇಕಾಗದು. ಈ ಕೊನೆಯ ಉದಾಹರಣೆಯಲ್ಲಿ ‘ವೆರಿ’ ನಾಮಪದಕ್ಕೆ ಅಂಟಿಕೊಂಡಿರುವುದನ್ನು ವಾಚಕರು ಗಮನಿಸಿರಬಹುದು. ಅಲ್ಲಿ ಅದು ತನ್ನ ಹಳೆಯ ‘ನಿಜವಾದ’ ಎಂಬ ಅರ್ಥಕ್ಕೆ ಮರಳಿದೆ: ನಿಜವಾದ ಕೊನೆಯೇ ಕಟ್ಟಕಡೆ.

ಕ್ರಿಯೆಗೊಂದು ಜೋಡಿ

‘ಎ ಲಾಟ್’, ‘ವೆರಿ ಮಚ್’ ಇವುಗಳಿಂದ ಬದುಕು ಸಾಗೀತು, ಸೊಗಸು ಸಿಕ್ಕಲಾರದು. ಇಂಗ್ಲಿಷಿನಲ್ಲಿ ಒಂದೊಂದು ಕ್ರಿಯಾಪದವೂ ತನಗೆ ಒಪ್ಪುವ ಪ್ರಮಾಣದ ಮಾತನ್ನು ಆರಿಸಿಕೊಳ್ಳುತ್ತದೆ. ಸಿಡ್ನಿ ಗ್ರೀನ್‌ಬಾಮ್ ಎಂಬ ವಿದ್ವಾಂಸರು ಇದನ್ನು ಪ್ರಯೋಗದಿಂದ ಪರೀಕ್ಷಿಸಿ 1970ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರ ಮುಂದೆ ಅರ್ಧ ವಾಕ್ಯಗಳನ್ನಿಟ್ಟು, ಪೂರ್ತಿಮಾಡಲು ಹೇಳಿದರು. ‘ಐ ಬ್ಯಾಡ್ಲಿ’ ಎಂಬುದರ ಮುಂದೆ ಬೇಕು ಎಂಬರ್ಥದ ‘ನೀಡ್’, ‘ವಾಂಟ್’ಗಳನ್ನೂ, ‘ಐ ಎಂಟೈರ್ಲಿ’ ಎಂಬುದರ ಮುಂದೆ ಒಪ್ಪುತ್ತೇನೆ ಎಂಬರ್ಥದ ‘ಅಗ್ರೀ’ಯನ್ನೂ ಬಹುಮಂದಿ ತಾವಾಗಿಯೇ ಬರೆದರು. ಯಾರೂ ಅವರಿಗೆ ಹಾಗೆ ಬರೆಯಬೇಕೆಂದು ಹೇಳಿಕೊಟ್ಟಿರಲಿಲ್ಲ.

ಕನ್ನಡಿಗರಿಗೂ ಇಂಥ ಪ್ರಯೋಗವನ್ನು ಮಾಡಬಹುದು. ‘ಹೊಟ್ಟೆ ತುಂಬ’ ಎಂದೊಡನೆ ‘ಉಂಡನು’ ಎಂದು ಪೂರ್ತಿಮಾಡದವರಾರು? ‘ಕಣ್ತುಂಬ’ ಎಂದರೆ ‘ನೋಡಿದನು’. ‘ಬಾಯ್ತುಂಬ’ ಎಂದರೆ ‘ಹೊಗಳಿದನು’. ಬಿಕ್ಕಿ ಬಿಕ್ಕಿ ಅಳುವರು, ಬಿದ್ದು ಬಿದ್ದು ನಗುವರು, ಮನಸಾರೆ ಹರಸುವರು. ಬಿದ್ದು ಬಿದ್ದು ಅತ್ತವನನ್ನೂ ಬಾಯ್ತುಂಬ ಮಲಗಿದವನನ್ನೂ ಕನ್ನಡ ನಾಡಿನಲ್ಲಿ ಯಾರೂ ಕಂಡಿಲ್ಲ. ‘ಬ್ಯಾಡ್ಲಿ ನೀಡ್’ ಎಂಬುದನ್ನು ಕೇಳಿ ‘ಕೆಟ್ಟದಾಗಿ ಬೇಕು ಎಂದರೇನು?’ ಎಂದು ನಗುವ ವಿದ್ಯಾರ್ಥಿಗೆ, ಬೇಸಿಗೆಯಲ್ಲಿ ತಾನೇ ಆಡುವ “ಕೆಟ್ಟ ಬಿಸಲ” ಎಂಬ ಮಾತನ್ನು ನೆನಪಿಸಬೇಕು. ಕೆಡುಕು ಅಲ್ಲಿ ಕೆಡುಕಲ್ಲ, ಅತಿಶಯ.

ಬಣ್ಣಗಳಲ್ಲಂತೂ ನಮ್ಮ ಭಾಷೆ ಇಂಗ್ಲಿಷಿಗಿಂತ ಜಿಪುಣವಲ್ಲ. ಹಸಿರಾದರೆ ಹಚ್ಚಹಸಿರು, ಬಿಳಿಯಾದರೆ ಅಚ್ಚಬಿಳಿ, ಕತ್ತಲೆಯಾದರೆ ಕಗ್ಗತ್ತಲೆ. ಹಳಗನ್ನಡವನ್ನು ಓದಿದವರಿಗೆ ‘ಕರಂ’, ‘ನಾಡೆ’, ‘ಆದಂ’ ಎಂಬ ಅತಿಶಯವಾಚಕಗಳ ಪರಿಚಯವಿದೆ. ಅವು ಮರೆಯಾದ ಮೇಲೆ ‘ತುಂಬಾ’ ಬಂತು. ಅದು ‘ತುಂಬು’ ಎಂಬ ಕ್ರಿಯಾಪದದ ಮಗು. ಪ್ರಮಾಣದ ಮಾತುಗಳು ಬೇಗ ಸವೆಯುವ ನಾಣ್ಯಗಳು. ಎಲ್ಲರೂ ಎಲ್ಲದಕ್ಕೂ ‘ಬಹಳ’ವೆಂದ ಮೇಲೆ ‘ಬಹಳ’ದ ಬೆಲೆ ಇಳಿಯುತ್ತದೆ, ಜನ ಹೊಸ ನಾಣ್ಯವನ್ನು ಅಚ್ಚುಹಾಕುತ್ತಾರೆ. ಸ್ವಲ್ಪವನ್ನು ಹೇಳುವ ಶಬ್ದಗಳ ಕಥೆಯೂ ಇದೇ. ಇಂಗ್ಲಿಷಿನ ‘ಎ ಬಿಟ್’ ಎಂದರೆ ಮೂಲದಲ್ಲಿ ಕಚ್ಚಿದ ಒಂದು ತುತ್ತು. ಉತ್ತರ ಕರ್ನಾಟಕದ ‘ಜರಾ’ ಅರಬ್ಬಿಯಲ್ಲಿ ಕಣವೆಂಬ ಅರ್ಥದ ಶಬ್ದದಿಂದ ಹೊರಟು, ಫಾರಸಿ, ಉರ್ದುಗಳನ್ನು ದಾಟಿ ಬಂದದ್ದು.

ಹಲಸಂಗಿಯ ಪಾಠ

ಇಷ್ಟೆಲ್ಲ ಸಂಪತ್ತು ಬಾಯಲ್ಲಿರುವ ಹುಡುಗನಿಗೆ ಅವನ ಮಾತು ಅಶುದ್ಧವೆಂದು ಹೇಳುವ ರೂಢಿ ನಮ್ಮಲ್ಲಿದೆ. “ಅಗದೀ ಗಿಗದೀ ಅನಬ್ಯಾಡ, ಶುದ್ಧ ಮಾತಾಡು” ಎಂಬ ಗದರಿಕೆ ಕೇಳದೆ ಬೆಳೆದ ಮಕ್ಕಳು ಕಡಿಮೆ. ಮರಾಠಿಯ ಸಂಸರ್ಗದಿಂದ ಬಂದ ಮಾತುಗಳೆಂದು ಇವಕ್ಕೆ ಹೀನಾಯ. ಆದರೆ ‘ಬಹಳ’ವೂ ಸಂಸ್ಕೃತದಿಂದ ಬಂದುದೇ, ‘ವೆರಿ’ಯೂ ಫ್ರೆಂಚಿನಿಂದ ಬಂದುದೇ. ಬಂದವನು ಮನೆಯ ಕೆಲಸ ಮಾಡಿದರೆ ಮನೆಯವನಾಗುತ್ತಾನೆ.

ಇದನ್ನು ನಾಡಿಗೆ ತೋರಿಸಿಕೊಟ್ಟವರು ಇದೇ ಸೀಮೆಯವರು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದು ಈಗ ಚಡಚಣ ತಾಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾದಾಗ, ಹಳ್ಳಿಯ ಹೆಣ್ಣುಮಕ್ಕಳ ಬಾಯಿಮಾತು ವಿದ್ವಾಂಸರ ಮೇಜಿನ ಮೇಲೆ ಬಂದು ಕುಳಿತಿತು. ಹಲಸಂಗಿಯ ಗೆಳೆಯರು ಆ ಮಾತನ್ನು ತಿದ್ದಲು ಹೋಗಲಿಲ್ಲ; ಕಿವಿಗೊಟ್ಟರು. ಅವರ ಹಿರಿಮೆ ಇರುವುದು ಅಲ್ಲಿ.

ಇನ್ನೂ ಹಿಂದಕ್ಕೆ ಹೋದರೆ, ಇಂಡಿ ತಾಲೂಕಿನ ಸಾಲೋಟಗಿಯ ಶಾಸನ ಸಿಗುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 945ರ ಆ ಶಾಸನ ಅಲ್ಲಿದ್ದ ವಿದ್ಯಾಶಾಲೆಗೆ ಕೊಟ್ಟ ದತ್ತಿಯನ್ನು ದಾಖಲಿಸಿದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದವೆಂದು ಅದರಿಂದ ತಿಳಿಯುತ್ತದೆ. ಪರಭಾಷೆಯನ್ನೂ ಪರದೇಶದವರನ್ನೂ ಅಂಜದೆ ಬರಮಾಡಿಕೊಂಡ ನೆಲವಿದು. ಇಲ್ಲಿಯ ಹುಡುಗನು ಒಂದು ‘ವೆರಿ’ಗೆ ಅಂಜಬೇಕೇ?

ನೀರು ಎಷ್ಟು ಬಂತು?

ಕೆಂಪು ಗೆರೆ ಎಳೆಯುವುದು ತಪ್ಪಲ್ಲ. ಗೆರೆ ಎಳೆದ ಮೇಲೆ ಗುರುಗಳು ಒಂದು ನಿಮಿಷ ನಿಂತು, “ಇದನ್ನ ನಿಮ್ಮ ಮನಿಯೊಳಗ ಹ್ಯಾಂಗ ಹೇಳ್ತಿ?” ಎಂದು ಕೇಳಬೇಕು. ಹುಡುಗನು ಹೇಳುತ್ತಾನೆ: “ನೀರು ರಗಡ ಏರಿತ್ರಿ ಸರ್. ಅಗದೀ ಬಾಗಲತನಕ ಬಂತು. ಭಾಳ ಅಂಜಿದಿವ್ರಿ.” ಮೂರು ವಾಕ್ಯ, ಮೂರು ಬೇರೆ ಬೇರೆ ಪ್ರಮಾಣದ ಮಾತುಗಳು. ಅವನ ಬಾಯಿಯೇ ಇಂಗ್ಲಿಷಿನ ಮೂರು ದಾರಿಗಳನ್ನು ಬೇರ್ಪಡಿಸಿ ಇಟ್ಟಿದೆ. ರಗಡ ಇದ್ದಲ್ಲಿ ‘ಎ ಲಾಟ್’, ಬಾಗಿಲ ಮುಂದಿನ ಅಗದೀ ಇದ್ದಲ್ಲಿ ‘ರೈಟ್’, ಅಂಜಿಕೆ ಗುಣವಾದಲ್ಲಿ ‘ವೆರಿ’. ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆದರೆ ಪಾಠ ಮುಗಿಯಿತು.

ಆಗ ಆ ಹುಡುಗನು ಮತ್ತೊಮ್ಮೆ ಬರೆಯುತ್ತಾನೆ. ‘ದಿ ವಾಟರ್ ರೋಜ್ ಎ ಲಾಟ್. ಇಟ್ ಕೇಮ್ ರೈಟ್ ಅಪ್ ಟು ಅವರ್ ಡೋರ್. ವಿ ವರ್ ವೆರಿ ಅಫ್ರೇಡ್.’ ಈ ಸಲ ಕೆಂಪು ಗೆರೆಯಿಲ್ಲ, ನೆರೆಯೂ ಬತ್ತಿಲ್ಲ. ಹೊಸ್ತಿಲನ್ನು ಮುಟ್ಟಿ ನಿಂತ ನೀರು ಓದಿದವನ ಕಾಲನ್ನೂ ತಣ್ಣಗೆ ತಾಗುತ್ತದೆ.

ಮುಂದೆ ಆ ಹುಡುಗನು ಯಾವ ಊರಿಗೆ ಹೋದರೂ, ಯಾವ ಕಚೇರಿಯ ಬಾಗಿಲಲ್ಲಿ ನಿಂತರೂ, ‘ಎಷ್ಟು?’ ಎಂದು ಕೇಳಿದವರಿಗೆ ಉತ್ತರ ಹೇಳಬಲ್ಲನು. ಉತ್ತರವನ್ನು ಅವನು ಶಾಲೆಗೆ ಬರುವಾಗಲೇ ನಾಲಿಗೆಯ ಮೇಲಿಟ್ಟುಕೊಂಡು ಬಂದಿದ್ದನು.